ಕುದುರೆಯ ಹೆಜ್ಜೆ, ಮಗುವಿನ ಬಲ

ಅಂಗವೈಕಲ್ಯ ಅಥವಾ ಬೆಳವಣಿಗೆಯ ತೊಂದರೆ ಇರುವ ಮಕ್ಕಳನ್ನು ಪಳಗಿದ ಕುದುರೆಯ ಮೇಲೆ ಕೂರಿಸಿ, ಅವರ ಸಮತೋಲ, ಸ್ನಾಯುಬಲ, ಏಕಾಗ್ರತೆ ಮತ್ತು ಆತ್ಮವಿಶ್ವಾಸವನ್ನು ಬೆಳೆಸುವ ವಿಧಾನವೇ ಚಿಕಿತ್ಸಕ ಕುದುರೆ ಸವಾರಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳು ಇದರಲ್ಲಿ ಹೆಚ್ಚಾಗಿ ತೊಡಗುತ್ತಾರೆ. ಅಮೆರಿಕದಲ್ಲಿ ಇಂಥ ಹಲವು ಕೇಂದ್ರಗಳನ್ನು ಕ್ರೈಸ್ತ ಸಂಘಟನೆಗಳು ದೇವರ ಸೇವೆಯೆಂದೇ ಭಾವಿಸಿ ನಡೆಸುತ್ತಿವೆ.

ಈ ವಿಧಾನದತ್ತ ಜಗತ್ತಿನ ಕಣ್ಣು ಹೊರಳಿದ್ದು ಡೆನ್ಮಾರ್ಕಿನ ಸವಾರಿಪಟು ಲಿಸ್ ಹಾರ್ಟೆಲ್ ಅವರಿಂದ. 1944ರಲ್ಲಿ, ಗರ್ಭಿಣಿಯಾಗಿದ್ದಾಗ, ಅವರಿಗೆ ಪೋಲಿಯೊ ತಗುಲಿ ಮೊಣಕಾಲಿನ ಕೆಳಗೆ ಶಕ್ತಿ ಉಡುಗಿತು. ಕುದುರೆ ಹತ್ತಲು, ಇಳಿಯಲು ಇನ್ನೊಬ್ಬರ ಆಸರೆ ಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಕುದುರೆಯ ಶಿಸ್ತಿನ ನಡೆಯನ್ನು ಒರೆಗೆ ಹಚ್ಚುವ ಡ್ರೆಸಾಜ್ ಸ್ಪರ್ಧೆಯಲ್ಲಿ ಅವರು ಪುರುಷರೊಂದಿಗೆ ಸೆಣಸಿ ಬೆಳ್ಳಿ ಪದಕ ಗೆದ್ದರು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ ಅವರದಾಯಿತು. 1969ರ ಹೊತ್ತಿಗೆ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅಂಗವಿಕಲರ ಸವಾರಿಗಾಗಿಯೇ ರಾಷ್ಟ್ರಮಟ್ಟದ ಸಂಘಗಳು ಹುಟ್ಟಿಕೊಂಡವು.

ಚಿಕಿತ್ಸೆಯ ಗುಟ್ಟು ಇರುವುದು ಕುದುರೆಯ ನಡಿಗೆಯಲ್ಲಿ. ಕುದುರೆ ನಿಧಾನವಾಗಿ ಹೆಜ್ಜೆ ಹಾಕುವಾಗ ಸವಾರನ ಸೊಂಟ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಅಲುಗುತ್ತದೆ. ಮನುಷ್ಯ ನಡೆಯುವಾಗಲೂ ಸೊಂಟದ ಚಲನೆ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಹೀಗಾಗಿ ಸ್ವತಃ ನಡೆಯಲಾಗದ ಮಗುವಿಗೂ ನಡಿಗೆಯ ಲಯ ಮೈಗೆ ತಿಳಿಯುತ್ತದೆ. ಬೀಳದಂತೆ ಕೂರಲು ಬೆನ್ನು, ಹೊಟ್ಟೆಯ ಸ್ನಾಯುಗಳು ಪ್ರತಿ ಹೆಜ್ಜೆಗೂ ಕೆಲಸ ಮಾಡುತ್ತವೆ. ಕುದುರೆಯ ಮೈ ಮನುಷ್ಯರ ಮೈಗಿಂತ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬೆಚ್ಚಗಿರುತ್ತದೆ. ಆ ಶಾಖ ಮತ್ತು ತೂಗಾಟ ಸೆಟೆದ ತೊಡೆಗಳನ್ನು ಸಡಿಲಿಸಲು ನೆರವಾಗುತ್ತವೆ.

ಪಾಠ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಗಾಲಿಕುರ್ಚಿಯನ್ನು ಇಳಿಜಾರಿನ ಕಟ್ಟೆಯ ಮೇಲೆ ತಳ್ಳಿಕೊಂಡು ಹೋಗಿ, ಹೆಲ್ಮೆಟ್ ತೊಟ್ಟ ಮಗುವನ್ನು ಜೀನಿನ ಮೇಲೆ ಕೂರಿಸುತ್ತಾರೆ. ಒಬ್ಬರು ಕುದುರೆಯನ್ನು ಹಿಡಿದು ನಡೆಸಿದರೆ, ಅಗತ್ಯವಿದ್ದಾಗ ಇಬ್ಬರು ಎರಡೂ ಬದಿ ನಡೆಯುತ್ತ ಮಗುವಿನ ಕಾಲಿಗೆ ಆಸರೆ ಕೊಡುತ್ತಾರೆ. ಬೋಧಕರು ಎಲ್ಲವನ್ನೂ ಗಮನಿಸುತ್ತಿರುತ್ತಾರೆ. ಕುದುರೆ ಕೂಡಲೇ ಹೊರಡುವುದಿಲ್ಲ. ಮಗು ‘ನಡಿ’ ಎನ್ನಬೇಕು. ಮಾತು ಬಾರದಿದ್ದರೆ ಕೈಸನ್ನೆ ಮಾಡಬೇಕು, ಇಲ್ಲವೇ ಕುದುರೆಯ ಕತ್ತು ತಟ್ಟಬೇಕು. ಆಮೇಲೆಯೇ ಮೊದಲ ಹೆಜ್ಜೆ. ಎಲ್ಲದಕ್ಕೂ ಪರರನ್ನು ಕಾಯುವ ಮಗುವಿನ ಒಂದು ಸನ್ನೆಗೆ ಇಷ್ಟು ದೊಡ್ಡ ಪ್ರಾಣಿ ಕಾದು ನಿಲ್ಲುತ್ತದೆ. ಈ ಅನುಭವಕ್ಕೆ ಬೇರೆ ಸಾಟಿಯಿಲ್ಲ.

ಕ್ರೈಸ್ತ ಕೇಂದ್ರಗಳಲ್ಲಿ ಪಾಠದ ಕ್ರಮವೂ ಸುರಕ್ಷತೆಯ ನಿಯಮಗಳೂ ಬೇರೆ ಕೇಂದ್ರಗಳಂತೆಯೇ ಇರುತ್ತವೆ. ಸವಾರಿಗೆ ಮುನ್ನ ಕಿರು ಪ್ರಾರ್ಥನೆ, ನಡುವೆ ಬೈಬಲಿನ ಕಥೆ ಅಥವಾ ಹಾಡು ಸೇರುವುದುಂಟು. ಪ್ರತಿ ಮನುಷ್ಯನೂ ದೇವರ ರೂಪದಲ್ಲೇ ಸೃಷ್ಟಿಯಾದವನು ಎಂಬ, ಬೈಬಲಿನ ಆದಿಕಾಂಡದ ನಂಬಿಕೆ ಈ ಸೇವೆಯ ತಳಹದಿ. ದೇಹದ ಕೊರತೆಯಿಂದ ಮಗುವಿನ ಬೆಲೆ ಕುಗ್ಗುವುದಿಲ್ಲ ಎಂಬುದು ಅದರ ಸಾರ. ದೇಣಿಗೆ ಮತ್ತು ಸ್ವಯಂಸೇವಕರ ದುಡಿಮೆ ಈ ಕೇಂದ್ರಗಳ ಬೆನ್ನೆಲುಬು.

ಚಿಕಿತ್ಸಕ ಸವಾರಿಯ ಫಲದ ಬಗ್ಗೆ ಸಂಶೋಧನೆಗಳೂ ನಡೆದಿವೆ. ಆಟಿಸಂ ಇರುವ 6ರಿಂದ 16 ವರ್ಷದ 127 ಮಕ್ಕಳ ಕುರಿತ ಅಮೆರಿಕದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 10 ವಾರ ಸವಾರಿ ಮಾಡಿದ ಮಕ್ಕಳಲ್ಲಿ ಸಿಡುಕು, ಅತಿಚಟುವಟಿಕೆ ಕಡಿಮೆಯಾಗಿ, ಮಾತುಕತೆ ಸುಧಾರಿಸಿದ್ದು ಕಂಡುಬಂತು. ಕುದುರೆಯ ಸಂಪರ್ಕವಿಲ್ಲದೆ, ಕುದುರೆಗಳ ಬಗ್ಗೆ ಬರೀ ಪಾಠ ಕೇಳಿದ ಗುಂಪಿನಲ್ಲಿ ಅಷ್ಟು ಬದಲಾವಣೆ ಇರಲಿಲ್ಲ.

ಆದರೆ ಸವಾರಿ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ಹತೋಟಿಗೆ ಬಾರದ ಮೂರ್ಛೆರೋಗ, ಜಾರಿದ ಸೊಂಟದ ಕೀಲು, ಬೆನ್ನುಮೂಳೆಯ ತೀವ್ರ ವಕ್ರತೆ ಇದ್ದರೆ ಅಪಾಯವಾಗಬಹುದು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲ್ಭಾಗದ ಕೀಲು ಸಡಿಲವಿರುವುದರಿಂದ ಮೊದಲೇ ವೈದ್ಯರ ತಪಾಸಣೆ ಬೇಕು. ಫಿಸಿಯೋಥೆರಪಿಯಂಥ ಚಿಕಿತ್ಸೆಗಳನ್ನು ಬಿಟ್ಟು ಸವಾರಿಯೊಂದನ್ನೇ ನಂಬುವುದೂ ಸರಿಯಲ್ಲ. ಕುದುರೆಯ ಆಯ್ಕೆಯಲ್ಲೂ ಅಷ್ಟೇ ಎಚ್ಚರ ಅಗತ್ಯ: ಶಾಂತ ಸ್ವಭಾವ, ಹದವಾದ ನಡಿಗೆ, ಗದ್ದಲಕ್ಕೆ ಬೆದರದ ಗುಣ ಇರಬೇಕು. ಮೇವು, ಗೊರಸಿನ ಆರೈಕೆ, ಸಾಕಷ್ಟು ವಿಶ್ರಾಂತಿ ಸಿಕ್ಕ ಕುದುರೆಯ ಬೆನ್ನ ಮೇಲೆಯೇ ಮಗು ಕ್ಷೇಮ.