ಕೊಳದ ಕಾಯಿ, ಶ್ರಾವಕನ ವಿವೇಕ

ಯಾವುದೇ ಪದಾರ್ಥವನ್ನು ಸ್ವೀಕರಿಸುವ ಮುನ್ನ ಶ್ರಾವಕನು ಅದನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ದೃಷ್ಟಿಗಳಿಂದ ನೋಡಬೇಕೆಂಬುದು ಜೈನ ಪರಂಪರೆಯ ತಿಳಿವಳಿಕೆ. ವ್ರತದ ದಿನಗಳು ಸಮೀಪಿಸಿದಾಗ ಅಂಗಡಿಗಳಲ್ಲಿ ಕಾಣಸಿಗುವ ಸಿಂಗಾಡದ ಹಿಟ್ಟು ಇಂತಹ ಪರಿಶೀಲನೆಗೆ ತಕ್ಕ ಉದಾಹರಣೆ. ಇದು ಗಡ್ಡೆಯೋ ಫಲವೋ? ಉಪವಾಸಕ್ಕೆ ಸಲ್ಲುವುದೋ? ದೇಹಕ್ಕೆ ಹಿತವೋ? ಭಕ್ತರ ಮನೆಗಳಲ್ಲಿ ಮೂಡುವ ಈ ಪ್ರಶ್ನೆಗಳಿಗೆ ಆ ನಾಲ್ಕು ದೃಷ್ಟಿಗಳೇ ಉತ್ತರ ತೋರುತ್ತವೆ.

ಮೊದಲನೆಯದು ದ್ರವ್ಯ. ಸಂಸ್ಕೃತದಲ್ಲಿ ಇದರ ಹೆಸರು ಶೃಂಗಾಟಕ. ಶೃಂಗವೆಂದರೆ ಕೊಂಬು, ಕಾಯಿಯ ಇಕ್ಕೆಲದಲ್ಲಿ ಮುಳ್ಳಿನಂತಹ ಕೊಂಬುಗಳಿರುವುದರಿಂದ ಈ ಹೆಸರು. ಬಳ್ಳಿಯ ಎಲೆಗಳು ನೀರಿನ ಮೇಲೆ ತೇಲುತ್ತವೆ. ಹೂವು ಅರಳಿದ ಬಳಿಕ ಕಾಯಿಯು ನೀರಿನೊಳಕ್ಕೆ ಬಾಗಿ ಬಲಿಯುತ್ತದೆ. ಅದು ಕೆಸರಿನಲ್ಲಿ ಹುದುಗಿ ಬೆಳೆಯುವುದಲ್ಲ. ಆದುದರಿಂದ ಕಂದಮೂಲವಲ್ಲ, ಫಲವೇ ಸರಿ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ‘ವಾಟರ್ ಚೆಸ್ಟ್‌ನಟ್’ ಎಂಬ ಹೆಸರಿನಲ್ಲಿಯೇ ಮತ್ತೊಂದು ವಸ್ತು ಪೇಟೆಯಲ್ಲಿದೆ. ಚೀನೀ ಶೈಲಿಯ ಅಡುಗೆಗಳಲ್ಲಿ ಬಳಸುವ, ಡಬ್ಬಿಗಳಲ್ಲಿ ಬರುವ ಆ ಬಿಳಿಯ ಬಿಲ್ಲೆಗಳು ಕೆಸರಿನೊಳಗೆ ಬೆಳೆಯುವ ಜೊಂಡಿನ ಜಾತಿಯ ಗಿಡವೊಂದರ ಗಡ್ಡೆ. ಕಂದಮೂಲವನ್ನು ತ್ಯಜಿಸಿದವರು ಹೆಸರೊಂದನ್ನೇ ನಂಬಿ ಅದನ್ನು ಸೇವಿಸಿದರೆ, ತಿಳಿಯದೆಯೇ ನಿಯಮಕ್ಕೆ ಭಂಗ ಬರುತ್ತದೆ. ಕೇಳಬೇಕಾದುದು ಹೆಸರನ್ನಲ್ಲ, ಹುಟ್ಟನ್ನು.

ಫಲವೆಂದ ಮಾತ್ರಕ್ಕೆ ಅದು ನಿರ್ಜೀವವೂ ಅಲ್ಲ. ಶ್ವೇತಾಂಬರ ಆಗಮವಾದ ಪ್ರಜ್ಞಾಪನಾ ಸೂತ್ರವು ವನಸ್ಪತಿಗಳ ಜೀವವಿಚಾರ ಮಾಡುವಾಗ ಶೃಂಗಾಟಕವನ್ನೂ ಹೆಸರಿಸುತ್ತದೆ. ಅದರ ಗೊಂಚಲಿನಲ್ಲಿ ಅನೇಕ ಜೀವಗಳು, ಎಲೆಯೊಂದರಲ್ಲಿ ಒಂದು ಜೀವ, ಫಲದಲ್ಲಿ ಎರಡು ಜೀವಗಳು ಎಂದು ಅಲ್ಲಿ ಎಣಿಸಲಾಗಿದೆ. ಒಂದು ಕೊಳದ ಕಾಯಿಯ ಬಗೆಗೂ ಇಷ್ಟು ಸೂಕ್ಷ್ಮವಾದ ಗಮನ! ತಿನ್ನುವವನಲ್ಲಿಯೂ ಅಷ್ಟೇ ಸೂಕ್ಷ್ಮತೆ ಇರಲೆಂಬುದೇ ಇದರ ಆಶಯ.

ಪೋಷಣೆಯ ದೃಷ್ಟಿಯಿಂದ ಸಿಂಗಾಡ ಉತ್ತಮ ಆಹಾರ. 100 ಗ್ರಾಂ ತಾಜಾ ತಿರುಳಿನಲ್ಲಿ ಸುಮಾರು 70 ಗ್ರಾಂ ನೀರು, 23 ಗ್ರಾಂ ಪಿಷ್ಟಾದಿಗಳು, 4ರಿಂದ 5 ಗ್ರಾಂ ಪ್ರೋಟೀನ್ ಇರುತ್ತವೆ; ಕೊಬ್ಬು ಅತ್ಯಲ್ಪ. ಪೊಟ್ಯಾಸಿಯಂ, ರಂಜಕಗಳೂ ಉಂಟು. ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿಲ್ಲದ ಕಾರಣ, ಗೋಧಿ ಒಗ್ಗದವರಿಗೆ ಇದರ ರೊಟ್ಟಿ, ಗಂಜಿ ಅನುಕೂಲ. ಆಯುರ್ವೇದವು ಇದನ್ನು ಶೀತ, ಗುರು, ಗ್ರಾಹಿ ಎನ್ನುತ್ತದೆ. ಎಂದರೆ ತಂಪು, ಜೀರ್ಣಕ್ಕೆ ಭಾರ, ಮಲವನ್ನು ಕಟ್ಟುವಂತಹುದು. ಮಲಬದ್ಧತೆ ಉಳ್ಳವರು ಮಿತಿಯಲ್ಲಿ ಸೇವಿಸಬೇಕು. ಒಣಗಿದ ಹಿಟ್ಟಿನಲ್ಲಿ ಪಿಷ್ಟದ ಪ್ರಮಾಣ ಬಹಳ ಹೆಚ್ಚುವುದರಿಂದ, ಮಧುಮೇಹಿಗಳು ‘ವ್ರತದ ಆಹಾರ’ವೆಂದು ಯಥೇಚ್ಛವಾಗಿ ಉಣ್ಣುವುದು ಸಲ್ಲದು.

ಎರಡನೆಯದು ಕ್ಷೇತ್ರ. ಬಿಹಾರ, ಉತ್ತರ ಪ್ರದೇಶ, ಮಧ್ಯಪ್ರದೇಶಗಳ ಕೆರೆಕೊಳಗಳಲ್ಲಿ, ಕಾಶ್ಮೀರದ ವುಲರ್ ಸರೋವರದಲ್ಲಿ ಸಿಂಗಾಡ ಬೆಳೆಯುತ್ತದೆ. ನಿಂತ ನೀರು ಅಸಂಖ್ಯ ಜೀವಿಗಳ ಆವಾಸ. ಕೊಳದ ಬಸವನಹುಳುಗಳಲ್ಲಿ ಬೆಳೆಯುವ ಒಂದು ಬಗೆಯ ಚಪ್ಪಟೆ ಹುಳುವಿನ ಮರಿಗಳು ಹೊರಬಂದು ಜಲಸಸ್ಯಗಳಿಗೆ ಅಂಟಿ, ಸೂಕ್ಷ್ಮ ಕೋಶಗಳಾಗಿ ಕುಳಿತಿರುತ್ತವೆ. ಹಸಿ ಸಿಂಗಾಡವನ್ನು ಹಲ್ಲಿನಿಂದ ಸುಲಿದು ತಿಂದಾಗ ಅವು ಕರುಳನ್ನು ಸೇರಿ ಹೊಟ್ಟೆನೋವು, ಭೇದಿ, ನಿಶ್ಶಕ್ತಿಗಳನ್ನು ಉಂಟುಮಾಡುತ್ತವೆ. ಬಿಹಾರ, ಉತ್ತರ ಪ್ರದೇಶಗಳಲ್ಲಿ ಈ ವ್ಯಾಧಿ ಕಂಡುಬಂದಿದೆ. ಕೊಳಚೆ ಸೇರುವ ಕೆರೆಗಳಾದರೆ ವಿಷಲೋಹಗಳ ಭಯವೂ ಉಂಟು. ಆದುದರಿಂದ ಗಾಳಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದು, ಕುದಿಸಿ, ಬಳಿಕವೇ ಸುಲಿಯಬೇಕು. ಕಣ್ಣಿಗೆ ಕಾಣದ ಜೀವಗಳಿರುವವೆಂದು ನಂಬಿ ಹಸಿಯಾದುದನ್ನು ಬಾಯಿಗಿಡದ ಶ್ರಾವಕನ ಸಂಯಮವು ಅವನ ಆರೋಗ್ಯವನ್ನೂ ಕಾಯುತ್ತದೆ.

ಮೂರನೆಯದು ಕಾಲ. ಮಳೆಗಾಲದಲ್ಲಿ ನಾಟಿಯಾದ ಬಳ್ಳಿಯಿಂದ ಶರತ್ಕಾಲದಲ್ಲಿ ಕಾಯಿ ಕೊಯ್ಯುತ್ತಾರೆ. ಉಳಿದ ತಿಂಗಳುಗಳಲ್ಲಿ ದೊರೆಯುವುದು ಒಣ ತಿರುಳು ಮತ್ತು ಹಿಟ್ಟು. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ಪಾಲಿಸುವುದು ದಿಗಂಬರ ಶ್ರಾವಕರ ರೂಢಿ. ತಿಂಗಳುಗಟ್ಟಲೆ ಪೊಟ್ಟಣದಲ್ಲಿದ್ದ ಹಿಟ್ಟು ಈ ಮಾನದಂಡಕ್ಕೆ ನಿಲ್ಲದು. ಮುಗ್ಗಿದ, ಹುಳು ಹಿಡಿದ ಹಿಟ್ಟು ಆರೋಗ್ಯಕ್ಕೂ ಹಾನಿಕರ. ಒಣ ತಿರುಳನ್ನು ತಂದು, ಶೋಧಿಸಿ, ಬೇಕಾದಷ್ಟನ್ನೇ ಮನೆಯಲ್ಲಿ ಬೀಸಿಕೊಳ್ಳುವುದು ಸುಲಭವಾದ ಪರಿಹಾರ.

ಕೊನೆಯದು, ಎಲ್ಲಕ್ಕೂ ಮಿಗಿಲಾದುದು, ಭಾವ. ಉತ್ತರ ಭಾರತದಲ್ಲಿ ನವರಾತ್ರಿ, ಏಕಾದಶಿಗಳಂದು ಸಿಂಗಾಡವು ಫಲಾಹಾರವೆನಿಸಿದೆ. ಜೈನರ ಉಪವಾಸದ ಸ್ವರೂಪ ಬೇರೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ನಾಲ್ಕೂ ವಿಧದ ಆಹಾರಗಳ ತ್ಯಾಗವನ್ನೇ ಉಪವಾಸವೆಂದೂ, ಒಂದೇ ಹೊತ್ತು ಉಣ್ಣುವುದನ್ನು ಪ್ರೋಷಧವೆಂದೂ ಹೇಳಿದ್ದಾರೆ. ತುಪ್ಪದಲ್ಲಿ ಕರಿದ ಸಿಂಗಾಡದ ಪೂರಿ, ಹಲ್ವಾಗಳನ್ನು ಹೊಟ್ಟೆ ತುಂಬ ಸೇವಿಸಿ ಉಪವಾಸ ಮಾಡಿದೆನೆಂದರೆ, ಧಾನ್ಯ ಬದಲಾಯಿತೇ ಹೊರತು ರಸನೇಂದ್ರಿಯದ ಆಸೆ ಬದಲಾಗಲಿಲ್ಲ. ಒಪ್ಪೊತ್ತಿನ ಊಟದಲ್ಲಿ ಇದರ ರೊಟ್ಟಿಗೆ ಸ್ಥಾನವಿದೆ. ದೀರ್ಘ ಉಪವಾಸದ ಪಾರಣೆಯಲ್ಲಿ ಕರಿದುದನ್ನು ಬಿಟ್ಟು ತೆಳುವಾದ ಗಂಜಿಯನ್ನು ಸ್ವಲ್ಪವೇ ಸೇವಿಸುವುದು ಲೇಸು.

ಅದೇ ಗ್ರಂಥದಲ್ಲಿ ಆಚಾರ್ಯರು ಮೂಲಂಗಿ, ಹಸಿಶುಂಠಿ ಮೊದಲಾದವನ್ನು ಬಿಡಲು ಹೇಳುವಾಗ ನೀಡುವ ಕಾರಣ ಒಂದೇ: ಫಲ ಅಲ್ಪ, ಘಾತ ಬಹಳ. ಈ ತಕ್ಕಡಿಯನ್ನು ಪ್ರತಿ ತುತ್ತಿಗೂ ಹಿಡಿಯಬಹುದು. ತಣ್ಣನೆಯ ನೀರಿನಲ್ಲಿ ಗಂಟೆಗಟ್ಟಲೆ ನಿಂತು, ಮುಳ್ಳು ಚುಚ್ಚಿಸಿಕೊಂಡು ಕಾಯಿ ಕೊಯ್ಯುವ ಶ್ರಮಿಕನ ನೋವೂ ಆ ತಕ್ಕಡಿಯಲ್ಲಿರಲಿ. ಬೇಕಾದಷ್ಟನ್ನೇ ತಂದು, ಶುದ್ಧಗೊಳಿಸಿ, ಬೇಯಿಸಿ, ಒಂದು ಚೂರನ್ನೂ ಚೆಲ್ಲದೆ ಉಣ್ಣುವವನ ಊಟದಲ್ಲಿ ಘಾತ ಕಡಿಮೆ. ಅಂತಹ ಊಟವೇ ಸಾಧನೆಗೆ ಒದಗುವ ಆಹಾರ.