ಸರಿಪಡಿಸುವ ವಿದ್ಯೆ

ಮನುಷ್ಯನು ಮಾಡಿದ ವಸ್ತುಗಳೆಲ್ಲ ಬಳಕೆಯಿಂದ ಸವೆಯುತ್ತವೆ. ಬಾಗಿಲ ಕೀಲು ಸಡಿಲವಾಗುತ್ತದೆ, ನಲ್ಲಿ ತೊಟ್ಟಿಕ್ಕತೊಡಗುತ್ತದೆ, ಸೈಕಲ್ಲಿನ ಗಾಲಿಯಿಂದ ಗಾಳಿ ಸೋರುತ್ತದೆ, ಗುದ್ದಲಿಯ ಕಾವು ಅಲುಗಾಡುತ್ತದೆ. ಹೀಗೆ ಕೆಟ್ಟುದನ್ನು ಕಂಡಾಗ ಜನರು ಮೂರು ಬಗೆಯಾಗಿ ವರ್ತಿಸುವುದುಂಟು. ಒಬ್ಬನು ಅದನ್ನು ಎಸೆದು ಹೊಸದನ್ನು ಕೊಳ್ಳುತ್ತಾನೆ. ಮತ್ತೊಬ್ಬನು ಕೆಲಸಗಾರನ ದಾರಿ ನೋಡುತ್ತ ದಿನಗಟ್ಟಲೆ ಕಾಯುತ್ತಾನೆ. ಇನ್ನೊಬ್ಬನು ಅದನ್ನು ಬಿಚ್ಚಿ, ಒಳಗೆ ಏನಾಗಿದೆಯೆಂದು ನೋಡುತ್ತಾನೆ. ಈ ಮೂರನೆಯವನ ಕೈಗೆ ಎಣ್ಣೆಯೂ ಮಸಿಯೂ ಮೆತ್ತಿಕೊಳ್ಳುವುದು ನಿಜ. ಆದರೆ ತಾನು ದಿನವೂ ಬಳಸುವ ವಸ್ತುವನ್ನು ನಿಜವಾಗಿ ಅರಿತವನು ಅವನೊಬ್ಬನೇ.

ಹಿಂದಿನ ಗ್ರಾಮಜೀವನದಲ್ಲಿ ದುರಸ್ತಿಯು ಋತುಮಾನದೊಡನೆ ಹೊಂದಿಕೊಂಡಿತ್ತು. ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಮೇಲುಮುದ್ದೆಗೆ ಹೊಸ ಮಣ್ಣು ಹಾಕಿ ಬಡಿದು ಗಟ್ಟಿಮಾಡುತ್ತಿದ್ದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಹೆಂಗಸರು ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಮಲೆನಾಡು, ಕರಾವಳಿಗಳಲ್ಲಿ ಮುಂಗಾರಿಗೆ ಮೊದಲು ಮಾಡು ಹತ್ತಿ, ಒಡೆದ ಹೆಂಚುಗಳನ್ನು ತೆಗೆದು ಬೇರೆಯವನ್ನು ಹೊದಿಸುವುದು ವಾಡಿಕೆಯಾಗಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಈ ಕೆಲಸವು ಇನ್ನಷ್ಟು ಸುಲಭವಾಯಿತು. ಅಚ್ಚಿನಲ್ಲಿ ಒತ್ತಿ ತೆಗೆದ ಆ ಹೆಂಚುಗಳು ಒಂದೇ ಅಳತೆಯವು. ಒಂದಕ್ಕೊಂದು ಕಚ್ಚಿಕೊಂಡು ಕೂರುವಂಥವು. ಒಂದು ಒಡೆದರೆ ಅದೊಂದನ್ನೇ ತೆಗೆದು, ಅದೇ ಅಳತೆಯ ಇನ್ನೊಂದನ್ನು ಅಲ್ಲಿ ಕೂರಿಸಿದರಾಯಿತು. ಇಡೀ ಮಾಡನ್ನು ಕೀಳಬೇಕಾಗಿಲ್ಲ. ಕೆಟ್ಟ ಭಾಗವನ್ನು ಮಾತ್ರ ಬದಲಿಸಿ ಉಳಿದುದನ್ನು ಉಳಿಸಿಕೊಳ್ಳುವ ಈ ಸೂತ್ರವೇ ದುರಸ್ತಿಯ ಮೂಲಸೂತ್ರ.

ಈ ಸೂತ್ರವನ್ನು ಮನೆಯ ನಲ್ಲಿಯಲ್ಲಿಯೇ ಕಾಣಬಹುದು. ಸಾಮಾನ್ಯವಾದ ತಿರುಪಿನ ನಲ್ಲಿಯ ಹಿಡಿಯನ್ನು ತಿರುಗಿಸಿದಾಗ ಒಳಗಿನ ದಂಡವು ಕೆಳಗಿಳಿಯುತ್ತದೆ. ಅದರ ತುದಿಯಲ್ಲಿ ವಾಷರ್ ಎಂಬ ಚಿಕ್ಕ ಬಿಲ್ಲೆಯಿದೆ. ನೀರು ಬರುವ ರಂಧ್ರದ ಮೇಲೆ ಈ ಬಿಲ್ಲೆ ಬಿಗಿಯಾಗಿ ಕುಳಿತರೆ ನೀರು ನಿಲ್ಲುತ್ತದೆ. ವರ್ಷಗಳ ಬಳಕೆಯಿಂದ ಬಿಲ್ಲೆ ಸವೆದು ಗಟ್ಟಿಯಾದಾಗ ಸಂದಿಯೊಂದು ಉಳಿದು ನೀರು ತೊಟ್ಟಿಕ್ಕುತ್ತದೆ. ಇದನ್ನು ತಿಳಿಯದವನು ನಲ್ಲಿಯನ್ನು ಬಲವಾಗಿ, ಮತ್ತೂ ಬಲವಾಗಿ ತಿರುಗಿಸುತ್ತಾನೆ. ಅದರಿಂದ ಬಿಲ್ಲೆ ಇನ್ನಷ್ಟು ಬೇಗ ಹಾಳಾಗುತ್ತದೆ. ಕೊನೆಗೆ ತಿರುಪಿನ ಹಲ್ಲುಗಳೂ ಸವೆದುಹೋಗುತ್ತವೆ. ತಿಳಿದವನು ಮೊದಲು ಕೊಳವೆಯ ನೀರನ್ನು ಮೇಲಿನಿಂದಲೇ ನಿಲ್ಲಿಸುತ್ತಾನೆ. ಸ್ಪ್ಯಾನರಿನಿಂದ ನಲ್ಲಿಯ ತಲೆಯನ್ನು ಬಿಚ್ಚುತ್ತಾನೆ. ಹಳೆಯ ಬಿಲ್ಲೆಯನ್ನು ತೆಗೆದು ಅದೇ ಅಳತೆಯ ಹೊಸದನ್ನು ಹಾಕಿ ಮತ್ತೆ ಜೋಡಿಸುತ್ತಾನೆ. ಅಲ್ಪ ಬೆಲೆಯ ಬಿಲ್ಲೆಯಿಂದ ಇಡೀ ನಲ್ಲಿ ಉಳಿಯುತ್ತದೆ. ಅರ್ಧ ಸುತ್ತಿಗೇ ಮುಚ್ಚಿಕೊಳ್ಳುವ ಹೊಸ ಬಗೆಯ ನಲ್ಲಿಗಳ ಒಳರಚನೆ ಬೇರೆ. ಅವುಗಳಲ್ಲಿ ಒಳಗಿನ ತುಂಡನ್ನೇ ಒಟ್ಟಾಗಿ ಬದಲಿಸಬೇಕಾಗುತ್ತದೆ. ಆದುದರಿಂದ ಬಿಚ್ಚುವ ಮೊದಲು ಅದು ಯಾವ ಬಗೆಯದೆಂದು ನೋಡುವುದು ಅವಶ್ಯ.

ತೊಟ್ಟಿಕ್ಕುವ ನಲ್ಲಿಯನ್ನು ಅಲಕ್ಷಿಸುವವರು ಒಂದು ಲೆಕ್ಕವನ್ನು ಮಾಡಿ ನೋಡಬೇಕು. ಕ್ಷಣಕ್ಕೊಂದರಂತೆ, ಅಂದರೆ ಸೆಕೆಂಡಿಗೆ ಒಂದು ಹನಿ ಬೀಳುತ್ತದೆಯೆಂದು ಇಟ್ಟುಕೊಂಡರೆ ದಿನಕ್ಕೆ 86,400 ಹನಿಗಳಾಗುತ್ತವೆ. ಇಪ್ಪತ್ತು ಹನಿ ಸೇರಿ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ ನಾಲ್ಕು ಲೀಟರಿಗೆ ಮೇಲ್ಪಟ್ಟು ನೀರು ಹೋಯಿತು. ವರ್ಷಕ್ಕೆ 1,500 ಲೀಟರಿಗೂ ಹೆಚ್ಚಾಯಿತು. ಬೇಸಿಗೆಯಲ್ಲಿ ಕೊಡ ಹಿಡಿದು ಸರದಿಯಲ್ಲಿ ನಿಲ್ಲುವವರಿಗೆ ಈ ನೀರಿನ ಬೆಲೆ ಗೊತ್ತು.

ಸೈಕಲ್ಲಿನ ಪಂಕ್ಚರ್ ತಿದ್ದುವುದು ತಾಳ್ಮೆಯನ್ನು ಕಲಿಸುವ ಕೆಲಸ. ಟೈರನ್ನು ಅಂಚಿನಿಂದ ಸರಿಸಿ ಒಳಗಿನ ಟ್ಯೂಬನ್ನು ಹೊರತೆಗೆಯಬೇಕು. ಅದಕ್ಕೆ ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಸ್ವಲ್ಪಸ್ವಲ್ಪವೇ ಅದ್ದುತ್ತ ಹೋದರೆ ತೂತಿರುವಲ್ಲಿ ಗುಳ್ಳೆಗಳೇಳುತ್ತವೆ. ಆ ಜಾಗವನ್ನು ಗುರುತಿಟ್ಟು, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಬೇಕು. ನುಣುಪಾದ ರಬ್ಬರಿಗೆ ಅಂಟು ಹಿಡಿಯುವುದಿಲ್ಲ. ಆಮೇಲೆ ರಬ್ಬರ್ ಸಲ್ಯೂಷನ್ ಹಚ್ಚಿ, ಅದರ ಹಸಿ ಆರುವ ತನಕ ಕಾಯಬೇಕು. ಅವಸರಪಟ್ಟು ಹಸಿಯಿರುವಾಗಲೇ ತೇಪೆ ಅಂಟಿಸಿದವನು ಮರುದಿನ ಮತ್ತೆ ಅದೇ ಕೆಲಸಕ್ಕೆ ಕೂರುತ್ತಾನೆ. ತೇಪೆ ಹಾಕಿಯಾದ ಮೇಲೆಯೂ ಒಂದು ಕೆಲಸ ಉಳಿಯುತ್ತದೆ. ಟೈರಿನ ಒಳಮೈಯನ್ನು ಎಚ್ಚರಿಕೆಯಿಂದ ಸವರಿ ನೋಡಬೇಕು. ತೂತು ಮಾಡಿದ ಜಾಲಿಮುಳ್ಳು ಇನ್ನೂ ಅಲ್ಲಿಯೇ ನಾಟಿಕೊಂಡಿದ್ದರೆ ತೇಪೆ ಹಾಕಿದ ಶ್ರಮವೆಲ್ಲ ವ್ಯರ್ಥ. ತೂತನ್ನು ಮುಚ್ಚುವುದರ ಜೊತೆಗೆ ತೂತಿನ ಕಾರಣವನ್ನೂ ಕಿತ್ತು ತೆಗೆದರೆ ಮಾತ್ರ ದುರಸ್ತಿ ಪೂರ್ಣವಾಗುತ್ತದೆ.

ಗಾಳಿ ತುಂಬಿದ ಈ ಟೈರಿನ ಚರಿತ್ರೆಯಲ್ಲಿಯೂ ಒಂದು ಮನೆಯ ಅಂಗಳವಿದೆ. ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನಿದ್ದನು. ಅವನ ಮಗನ ಮೂರುಗಾಲಿಯ ಸೈಕಲ್ಲು ಕಲ್ಲುಹಾಸಿನ ಬೀದಿಗಳಲ್ಲಿ ಕುಲುಕಾಡುತ್ತಿತ್ತು. ಡನ್‌ಲಪ್ಪನು ತೆಳುವಾದ ರಬ್ಬರಿನಿಂದ ಕೊಳವೆಯೊಂದನ್ನು ಮಾಡಿ, ಗಾಳಿ ತುಂಬಿ, ಮರದ ಗಾಲಿಯ ಸುತ್ತ ಕೂರಿಸಿದನು. ಅದನ್ನೂ ಗಟ್ಟಿ ರಬ್ಬರಿನ ಹಳೆಯ ಗಾಲಿಯನ್ನೂ ಅಂಗಳದಲ್ಲಿ ಉರುಳಿಸಿ ನೋಡಿದಾಗ ಗಾಳಿಯ ಗಾಲಿಯೇ ಹೆಚ್ಚು ದೂರ ಓಡಿತು. 1888ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದನು. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಎಂಬಾತನು ದಶಕಗಳ ಹಿಂದೆಯೇ ಇಂಥದೊಂದು ಟೈರನ್ನು ಮಾಡಿದ್ದನೆಂದು ಆಮೇಲೆ ತಿಳಿದುಬಂದು ಆ ಪೇಟೆಂಟ್ ಬಿದ್ದುಹೋಯಿತು. ಆದರೂ ಗಾಳಿಯ ಟೈರು ಲೋಕದಲ್ಲೆಲ್ಲ ಹರಡಿದುದು ಡನ್‌ಲಪ್ಪನ ಪ್ರಯೋಗದ ಅನಂತರವೇ.

ವಿಮಾನವನ್ನು ಹಾರಿಸಿದ ರೈಟ್ ಸಹೋದರರೂ ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ಲುಗಳನ್ನು ಮಾರುತ್ತ, ರಿಪೇರಿ ಮಾಡುತ್ತ ಬಾಳಿದವರು. ತಕ್ಕ ಎಂಜಿನ್ನು ಸಿಕ್ಕದಿದ್ದಾಗ ಅವರ ಅಂಗಡಿಯ ಕೆಲಸಗಾರ ಚಾರ್ಲಿ ಟೇಲರ್ ಅಲ್ಲಿಯೇ ಒಂದನ್ನು ತಯಾರಿಸಿದನು. ಎಂಜಿನ್ನಿನ ಶಕ್ತಿಯನ್ನು ಸೈಕಲ್ಲಿನ ಮಾದರಿಯ ಸರಪಣಿಗಳ ಮೂಲಕ ತಿರುಗುರೆಕ್ಕೆಗಳಿಗೆ ಮುಟ್ಟಿಸಿದರು. 1903ನೆಯ ಡಿಸೆಂಬರ್ 17ರಂದು ಆ ವಿಮಾನವು ಮೊದಲ ಬಾರಿಗೆ ಹನ್ನೆರಡು ಸೆಕೆಂಡು ಹಾರಿತು. ಕೆಟ್ಟ ಸೈಕಲ್ಲುಗಳನ್ನು ಬಿಚ್ಚಿ ಜೋಡಿಸಿದ ಕೈಗಳಿಗೆ ದೊರೆತ ತಿಳಿವಳಿಕೆಯು ಅವರನ್ನು ಅಲ್ಲಿಯವರೆಗೆ ಕೊಂಡೊಯ್ದಿತು.

ಇಂಥ ಕೆಲಸಗಳಿಗೆ ದೊಡ್ಡ ಕಾರ್ಖಾನೆ ಬೇಕಿಲ್ಲ. ಸುತ್ತಿಗೆ, ಇಕ್ಕಳ, ಒಂದೆರಡು ಸ್ಕ್ರೂಡ್ರೈವರು, ಸ್ಪ್ಯಾನರು, ಸಣ್ಣ ಗರಗಸ, ಅರ, ಒಂದಿಷ್ಟು ಮೊಳೆ, ಒಂದು ಸೀಸೆ ಎಣ್ಣೆ ಇವಿಷ್ಟಿದ್ದರೆ ಸಾಕು. ಇವನ್ನು ಇಡಲು ಕೊಟ್ಟಿಗೆಯ ಮೂಲೆಯೋ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯೋ ಆದೀತು. ಕ್ರಮ ಮಾತ್ರ ಇರಬೇಕು. ಒಂದು ವಸ್ತುವನ್ನು ಬಿಚ್ಚುವಾಗ ಅದರ ಭಾಗಗಳನ್ನು ಬಟ್ಟೆಯ ಮೇಲೆ ಸಾಲಾಗಿ, ತೆಗೆದ ಕ್ರಮದಲ್ಲಿಯೇ ಇಡಬೇಕು. ಕೊನೆಗೆ ತೆಗೆದುದನ್ನು ಮೊದಲು ಹಾಕುತ್ತ ಬಂದರೆ ವಸ್ತುವು ತಾನಾಗಿ ಕೂಡಿಕೊಳ್ಳುತ್ತದೆ. ಬಾಗಿಲ ಕೀಲಿನ ಸ್ಕ್ರೂ ಸಡಿಲವಾಗಿ ಮರದ ತೂತು ಅಗಲವಾಗಿದ್ದರೆ ದೊಡ್ಡ ಮೊಳೆಯನ್ನು ಬಡಿದು ಮರವನ್ನು ಸೀಳುವುದು ಅವಿವೇಕ. ತೂತಿನೊಳಕ್ಕೆ ಅಂಟು ಸವರಿದ ಬಿದಿರುಕಡ್ಡಿಗಳನ್ನು ತುಂಬಿ, ಒಣಗಿದ ಮೇಲೆ ಅದೇ ಸ್ಕ್ರೂವನ್ನು ತಿರುಗಿಸಿದರೆ ಅದು ಮತ್ತೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ.

ಏನನ್ನು ಮುಟ್ಟಬಾರದು ಎಂಬುದನ್ನು ಅರಿಯುವುದೂ ಈ ವಿದ್ಯೆಯ ಒಂದು ಭಾಗವೇ. ಪ್ರೆಷರ್ ಕುಕ್ಕರಿನ ರಬ್ಬರ್ ಗ್ಯಾಸ್ಕೆಟ್ ಹಳೆಯದಾದರೆ ಅದೇ ಅಳತೆಯ ಹೊಸದನ್ನು ಯಾರು ಬೇಕಾದರೂ ಹಾಕಬಹುದು. ಆದರೆ ಅದರ ಸುರಕ್ಷತಾ ಕವಾಟವು ಕರಗಿಹೋದಾಗ ಕೈಗೆ ಸಿಕ್ಕಿದ ವಸ್ತುವಿನಿಂದ ಆ ತೂತನ್ನು ಮುಚ್ಚುವುದು ಅಪಾಯವನ್ನು ಆಹ್ವಾನಿಸಿದಂತೆ. ಆವಿಯ ಒತ್ತಡ ಮಿತಿಮೀರಿದಾಗ ಹೊರಹೋಗಲು ಇರಿಸಿದ ದಾರಿ ಅದು. ವಿದ್ಯುತ್ತಿನ ಫ್ಯೂಸಿನ ಮಾತೂ ಹೀಗೆಯೇ. ಮಿತಿಗಿಂತ ಹೆಚ್ಚು ವಿದ್ಯುತ್ತು ಹರಿದಾಗ ಫ್ಯೂಸಿನ ತಂತಿ ಕರಗಿ ಪ್ರವಾಹವನ್ನು ಕಡಿಯುತ್ತದೆ. ತಾನು ಸುಟ್ಟು ಮನೆಯನ್ನು ಉಳಿಸುತ್ತದೆ. ಮತ್ತೆ ಮತ್ತೆ ಹೋಗುತ್ತದೆಯೆಂದು ಬೇಸರಗೊಂಡು ದಪ್ಪ ತಂತಿಯನ್ನು ಕಟ್ಟುವವನು ಮನೆಯ ಕಾವಲುಗಾರನ ಕೈಗಳನ್ನೇ ಕಟ್ಟಿದಂತಾಯಿತು. ಇಂದಿನ ಅನೇಕ ಮನೆಗಳಲ್ಲಿ ಫ್ಯೂಸಿನ ಬದಲಿಗೆ ಇರುವ ಸ್ವಯಂಚಾಲಿತ ಸ್ವಿಚ್ಚುಗಳೂ ಇದೇ ಕಾವಲಿನ ಕೆಲಸವನ್ನು ಮಾಡುತ್ತವೆ. ಅವು ಪದೇಪದೇ ಬೀಳುತ್ತಿದ್ದರೆ ಕಾರಣವನ್ನು ಹುಡುಕಲು ತಿಳಿದ ಕೆಲಸಗಾರನನ್ನೇ ಕರೆಯಬೇಕು. ಅಡುಗೆ ಅನಿಲದ ವಾಸನೆ ಬಂದರೆ ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ, ಬೆಂಕಿಕಡ್ಡಿ ಗೀರದೆ ಹೊರಬಂದು, 1906 ಎಂಬ ಸಹಾಯವಾಣಿಗೆ ಕರೆಮಾಡಬೇಕು. ತನ್ನ ಅರಿವಿನ ಎಲ್ಲೆಯನ್ನು ತಿಳಿದು ಹಿಂದೆ ಸರಿಯುವುದು ಹೇಡಿತನವಲ್ಲ.

ಇಷ್ಟು ಉಪಯೋಗವಿರುವ ವಿದ್ಯೆಯನ್ನು ಓದುಬರಹ ಬಲ್ಲವರು ಕೀಳೆಂದು ಕಂಡುದುಂಟು. ಹಳ್ಳಿಯ ಆಯಗಾರ ಪದ್ಧತಿಯಲ್ಲಿ ಬಡಗಿ, ಕಮ್ಮಾರ ಮೊದಲಾದವರು ಊರಿನ ಉಪಕರಣಗಳನ್ನೆಲ್ಲ ಸುಸ್ಥಿತಿಯಲ್ಲಿಟ್ಟರು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಧಾನ್ಯದ ಪಾಲು ದೊರೆತರೂ ಅವರ ಕೌಶಲಕ್ಕೆ ತಕ್ಕ ಗೌರವ ದೊರೆಯಲಿಲ್ಲ. ಕೆಲಸವು ಹುಟ್ಟಿಗೆ ಅಂಟಿಕೊಂಡಿತು. ಓದುವ ತಲೆ ಒಂದೆಡೆ, ದುಡಿಯುವ ಕೈ ಇನ್ನೊಂದೆಡೆ ಉಳಿಯಿತು. ಈ ಗೋಡೆಯನ್ನು ಒಡೆಯುವ ಪ್ರಯತ್ನಗಳೂ ನಡೆದಿವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ ಮೊದಲಾದವರು ತಮ್ಮ ಕಸಬಿನಲ್ಲಿದ್ದುಕೊಂಡೇ ವಚನಕಾರರಾದರು. 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಮಕ್ಕಳ ವಿದ್ಯಾಭ್ಯಾಸವು ಕೈಕಸಬಿನ ಮೂಲಕ ನಡೆಯಬೇಕೆಂಬ ವಿಚಾರವನ್ನು ಮುಂದಿಟ್ಟರು.

ಗಾಂಧೀಜಿಯವರು ಇದನ್ನು ಸ್ವತಃ ಮಾಡಿ ತೋರಿಸಿದವರು. ದಕ್ಷಿಣ ಆಫ್ರಿಕದಲ್ಲಿ ವಕೀಲರಾಗಿದ್ದಾಗ ಅವರು ತಮ್ಮ ಅಂಗಿಯ ಕಾಲರುಗಳನ್ನು ತಾವೇ ಒಗೆದು ಗಂಜಿ ಹಾಕಲು ಕಲಿತರು. ಮೊದಲ ಸಲ ಗಂಜಿ ಹೆಚ್ಚಾಗಿ, ನ್ಯಾಯಾಲಯದಲ್ಲಿಯೇ ಅದು ಕಾಲರಿನಿಂದ ಉದುರತೊಡಗಿದಾಗ ಜೊತೆಯ ವಕೀಲರು ನಕ್ಕರು. ಪ್ರಿಟೋರಿಯದಲ್ಲಿ ಬಿಳಿಯ ಕ್ಷೌರಿಕನೊಬ್ಬನು ಕರಿಯರ ಕೂದಲನ್ನು ಮುಟ್ಟಲಾರೆನೆಂದಾಗ ಅವರು ಕತ್ತರಿಸುವ ಸಾಧನವನ್ನು ಕೊಂಡುತಂದು, ಕನ್ನಡಿಯ ಮುಂದೆ ನಿಂತು ತಮ್ಮ ಕೂದಲನ್ನು ತಾವೇ ಕತ್ತರಿಸಿಕೊಂಡರು. ಮುಂಭಾಗ ತಕ್ಕಮಟ್ಟಿಗೆ ಬಂತು, ಹಿಂಭಾಗ ಕೆಟ್ಟಿತು. ಆಗಲೂ ಜನರು ನಕ್ಕರು. ಮೊದಲ ಯತ್ನದ ಅಂದಗೇಡಿಗೆ ನಾಚದವನಿಗೆ ಮಾತ್ರ ಕೈಕೆಲಸ ಒಲಿಯುತ್ತದೆ ಎಂಬುದಕ್ಕೆ ಇದು ನಿದರ್ಶನ. ಸುತ್ತಿಗೆ ಗಂಡುಮಕ್ಕಳಿಗೆ, ಸೂಜಿ ಹೆಣ್ಣುಮಕ್ಕಳಿಗೆ ಎಂಬ ಹಂಚಿಕೆಯೂ ಇಂಥದೇ ಒಂದು ಗೋಡೆ. ಗುಂಡಿ ಕಿತ್ತುಹೋದ ಅಂಗಿಯನ್ನೂ ಗಾಳಿ ಹೋದ ಸೈಕಲ್ಲನ್ನೂ ಸರಿಪಡಿಸಬಲ್ಲ ಹುಡುಗಿಯಾಗಲಿ ಹುಡುಗನಾಗಲಿ ಅಷ್ಟರ ಮಟ್ಟಿಗೆ ಸ್ವತಂತ್ರರು.

ಈಚಿನ ಕಾಲದಲ್ಲಿ ದುರಸ್ತಿಗೆ ಹೊಸದೊಂದು ಅಡ್ಡಿ ಬಂದಿದೆ. ಮೊಬೈಲ್ ಫೋನು ಮುಂತಾದ ಅನೇಕ ಉಪಕರಣಗಳನ್ನು ಅಂಟಿನಿಂದ ಮುಚ್ಚಿ, ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗದ ಸ್ಕ್ರೂಗಳಿಂದ ಬಿಗಿದು ಮಾರುತ್ತಾರೆ. ಬಿಡಿಭಾಗಗಳು ಸಿಕ್ಕದಿದ್ದರೆ ಚಿಕ್ಕ ದೋಷಕ್ಕೂ ಇಡೀ ಉಪಕರಣವನ್ನು ಎಸೆಯಬೇಕಾಗುತ್ತದೆ. ಕಸದ ರಾಶಿ ಬೆಳೆಯುತ್ತದೆ. ಆದುದರಿಂದಲೇ ಕೊಂಡ ವಸ್ತುವನ್ನು ಸರಿಪಡಿಸಿಕೊಳ್ಳುವ ಹಕ್ಕು ಬೇಕೆಂಬ ಕೂಗು ಲೋಕದಲ್ಲಿ ಎದ್ದಿದೆ. ಭಾರತ ಸರ್ಕಾರವು ಈ ವಿಷಯವನ್ನು ಪರಿಶೀಲಿಸಲು 2022ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಯೂರೋಪ್ ಒಕ್ಕೂಟವು 2024ರಲ್ಲಿ ಇದಕ್ಕೆ ಕಾನೂನಿನ ರೂಪವನ್ನು ಕೊಟ್ಟಿತು. ಒಡೆದ ಒಂದು ಹೆಂಚಿಗಾಗಿ ಮಾಡನ್ನೆಲ್ಲ ಕೀಳಬೇಕಾಗಿಲ್ಲ ಎಂಬ ಹಳೆಯ ವಿವೇಕವನ್ನೇ ಈ ಕಾನೂನುಗಳು ಬೇರೆ ಮಾತಿನಲ್ಲಿ ಹೇಳುತ್ತವೆ.

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದು ಗಾದೆಯೊಂದುಂಟು. ಆಳಿನ ವಿಷಯದಲ್ಲಿ ಆ ಗಾದೆ ನ್ಯಾಯವಾಗಿ ಮಾತಾಡಲಿಲ್ಲ. ಒಮ್ಮೆಯಾದರೂ ನಲ್ಲಿಯನ್ನು ಬಿಚ್ಚಿ ಕೈ ತರಚಿಕೊಂಡವನು, ದಿನವೂ ಅದೇ ಕೆಲಸ ಮಾಡುವವನ ನೈಪುಣ್ಯವೇನೆಂದು ಅರಿಯುತ್ತಾನೆ. ಅವನ ಕೂಲಿಯಲ್ಲಿ ಚೌಕಾಸಿ ಮಾಡಲು ಹಿಂಜರಿಯುತ್ತಾನೆ. ಸ್ವಂತ ಕೈಯಿಂದ ಸರಿಪಡಿಸುವ ವಿದ್ಯೆಯು ಹಣವನ್ನು ಉಳಿಸುತ್ತದೆ, ವಸ್ತುವನ್ನು ಉಳಿಸುತ್ತದೆ. ಅವೆರಡಕ್ಕಿಂತಲೂ ಹೆಚ್ಚಾಗಿ, ದುಡಿಯುವ ಕೈಗಳನ್ನು ಗೌರವದಿಂದ ಕಾಣುವ ಕಣ್ಣನ್ನು ಅದು ಕೊಡುತ್ತದೆ.