ಸೂರಿನ ಜೊತೆಗೆ ದುಡಿಮೆ: ಕುಂಭಾರಿಯ ಕಾರ್ಮಿಕ ವಸತಿಗಳು ಕಲಿಸುವ ಪಾಠ

ಬಡ ಕುಟುಂಬಕ್ಕೆ ಸ್ವಂತ ಮನೆ ದೊರೆತರೆ ಅದರ ಕಷ್ಟಗಳೆಲ್ಲ ತೀರಿದವೆಂದು ಭಾವಿಸುವವರುಂಟು. ಆದರೆ ಹೊಸ ಮನೆಯ ಬಾಗಿಲು ತೆರೆದ ಮರುದಿನವೇ ಹೊಸ ಲೆಕ್ಕವೊಂದು ಆರಂಭವಾಗುತ್ತದೆ. ಕೆಲಸಕ್ಕೆ ಹೋಗಿಬರುವ ಖರ್ಚೆಷ್ಟು? ಸಾಲದ ಕಂತು ಎಲ್ಲಿಂದ? ಮಕ್ಕಳ ಶಾಲೆ ಎಷ್ಟು ದೂರ? ಈ ಪ್ರಶ್ನೆಗಳಿಗೆ ಉತ್ತರ ದೊರೆತಾಗ ಮಾತ್ರ ಮನೆ ಉಳಿಯುತ್ತದೆ. ಇಲ್ಲವಾದರೆ ಬೀಗ ಬೀಳುತ್ತದೆ, ಇಲ್ಲವೇ ಬಾಡಿಗೆಗೆ ಹೋಗುತ್ತದೆ. ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲೆಸಿರುವ ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿಯಲ್ಲಿ ತಲೆಯೆತ್ತಿರುವ ಎರಡು ಕಾರ್ಮಿಕ ವಸತಿಗಳನ್ನು ಈ ದೃಷ್ಟಿಯಿಂದ ನೋಡಬೇಕು.

ಮೊದಲನೆಯದು ಬೀಡಿ ಕಟ್ಟುವ ಮಹಿಳೆಯರ ಸಹಕಾರಿ ವಸತಿ. ವಾರ್ಲಿ ಆದಿವಾಸಿಗಳ ಹೋರಾಟವನ್ನು ಸಂಘಟಿಸಿದ ಗೋದೂತಾಯಿ ಪರುಳೇಕರ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಕಾರ್ಮಿಕ ನಾಯಕ, ಮಾಜಿ ಶಾಸಕ ನರಸಯ್ಯ ಆಡಮ್ ಅವರ ಮುಂದಾಳತ್ವದ ದೀರ್ಘ ಚಳವಳಿಯ ಫಲವಾಗಿ ಸುಮಾರು 10,000 ಮನೆಗಳು ನಿರ್ಮಾಣಗೊಂಡು, 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ ಸಿಂಗ್ ಅವರಿಂದ ಹಸ್ತಾಂತರಗೊಂಡವು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನೆರವಿನೊಡನೆ ಮಹಿಳೆಯರೂ ತಮ್ಮ ಪಾಲಿನ ಹಣ ತೊಡಗಿಸಿದ್ದರು. ಎರಡನೆಯದು 30,000 ಮನೆಗಳ ಯೋಜನೆಯಾದ ರಾಯನಗರ. 2019ರ ಜನವರಿಯಲ್ಲಿ ಅಡಿಗಲ್ಲು ಬಿದ್ದು, 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಅವರಿಂದ ಮೊದಲ 15,000 ಮನೆಗಳು ಲೋಕಾರ್ಪಣೆಗೊಂಡವು. ಬೀಡಿ ಕಾರ್ಮಿಕರ ಜೊತೆಗೆ ಮಗ್ಗದ ಕೆಲಸಗಾರರು, ಚಿಂದಿ ಆಯುವವರು, ವಾಹನ ಚಾಲಕರು, ಬೀದಿ ವ್ಯಾಪಾರಿಗಳು ಇಲ್ಲಿನ ಫಲಾನುಭವಿಗಳು.

ಬೀಡಿ ಕಟ್ಟುವವಳಿಗೆ ಮನೆಯೇ ಕಾರ್ಖಾನೆ. ಎಲೆ ನೆನೆಸುವುದು, ಅಳತೆಗೆ ಕತ್ತರಿಸುವುದು, ತಂಬಾಕು ತುಂಬಿ ಸುತ್ತುವುದು, ದಾರ ಕಟ್ಟುವುದು, ಎಲ್ಲವೂ ನಡೆಯುವುದು ಮನೆಯೊಳಗೆ. ಕೂಲಿ ಸಿಗುವುದು ಸಾವಿರ ಬೀಡಿಯ ಲೆಕ್ಕದಲ್ಲಿ. ಕಳಪೆಯೆಂದು ಬದಿಗೆ ತೆಗೆದವುಗಳಿಗೆ ಏನೂ ಇಲ್ಲ. ಎಲೆ ತರಲು, ಕಟ್ಟಿದ ಬೀಡಿ ಒಪ್ಪಿಸಲು ಕಂಪನಿಯ ಶಾಖೆಗೆ ಹೋಗಿಬರಬೇಕು. ಆ ಶಾಖೆ ನಡಿಗೆಯ ದೂರದಲ್ಲಿದ್ದರೆ ಕೂಲಿ ಪೂರ್ತಿಯಾಗಿ ಮನೆ ಸೇರುತ್ತದೆ. ದೂರವಿದ್ದರೆ ಅರ್ಧ ದಿನವೂ ಆಟೋ ಬಾಡಿಗೆಯೂ ಅದರಲ್ಲೇ ಕಳೆಯುತ್ತವೆ. ಮಗ್ಗದ ಕೆಲಸಗಾರನ ಸ್ಥಿತಿ ಬೇರೆ. ಭೌಗೋಳಿಕ ಗುರುತು ಪಡೆದ ಸೊಲ್ಲಾಪುರದ ಚಾದರ ಮತ್ತು ಟವೆಲ್ ನೇಯುವ ಅನೇಕ ಮಗ್ಗಗಳು ಅಕ್ಕಲಕೋಟ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿವೆ. ರಾತ್ರಿ ಪಾಳಿ ಮುಗಿಸಿದವನಿಗೆ ಬಸ್ಸು ಸಿಗದಿದ್ದರೆ ಹೊಸ ಮನೆ ಎಷ್ಟು ಚೆಂದವಿದ್ದರೂ ಹೊರೆಯೇ. ಆದ್ದರಿಂದ ವಸತಿಗೆ ಬೇಕಾದ ಸೌಲಭ್ಯಗಳ ಪಟ್ಟಿಯಲ್ಲಿ ನೀರು, ದೀಪಗಳ ಸಾಲಿನಲ್ಲೇ ಬಸ್ಸಿನ ವೇಳೆಯೂ ಬೀಡಿ ಶಾಖೆಯೂ ಸೇರಬೇಕು.

ದುಡಿಮೆ ಇದ್ದ ಮಾತ್ರಕ್ಕೆ ಆರ್ಥಿಕ ಭದ್ರತೆ ಬಂದೀತೆಂದೂ ಹೇಳಲಾಗದು. ಅದಕ್ಕೆ ದಾಖಲೆಯ ಆಧಾರ ಬೇಕು. ಬೀಡಿ ಉದ್ದಿಮೆಗೆ ಭವಿಷ್ಯ ನಿಧಿ ಕಾಯ್ದೆ 1977ರಿಂದ ಅನ್ವಯಿಸುತ್ತಿದ್ದು, ಮನೆಯಲ್ಲಿ ಕುಳಿತು ಕಟ್ಟುವವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಹತ್ತು ವರ್ಷಗಳ ಸೇವೆ ದಾಖಲಾದವರಿಗೆ 58ನೆಯ ವಯಸ್ಸಿನಲ್ಲಿ ಪಿಂಚಣಿ ಸಲ್ಲುತ್ತದೆ. ಅದರ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ. ಮೊತ್ತ ಅಲ್ಪವೇ ಸರಿ. ಆದರೆ ಕೂಲಿ ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ, ಇಲ್ಲವೇ ಒಬ್ಬಳು ಕಟ್ಟಿದ್ದು ಇನ್ನೊಬ್ಬಳ ಹೆಸರಿನಲ್ಲಿ ಬರೆಯಲ್ಪಟ್ಟರೆ, ಅದೂ ಕೈತಪ್ಪುತ್ತದೆ. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಆರಂಭವಾದ ಸ್ವನಿಧಿ ಯೋಜನೆಯಲ್ಲಿ ಅಡಮಾನವಿಲ್ಲದ ಸಾಲ ದೊರೆಯುತ್ತದೆ. 10,000 ರೂಪಾಯಿಯಷ್ಟಿದ್ದ ಮೊದಲ ಸಾಲ 2025ರಲ್ಲಿ 15,000ಕ್ಕೆ ಏರಿದೆ. ವೇಳೆಗೆ ಸರಿಯಾಗಿ ತೀರಿಸಿದವರಿಗೆ ಮುಂದಿನ ದೊಡ್ಡ ಸಾಲದ ದಾರಿ ತೆರೆಯುತ್ತದೆ. ಮೀಟರ್ ಬಡ್ಡಿಯ ಸಾಲಗಾರನ ಹಿಡಿತದಿಂದ ಬಿಡಿಸಿಕೊಳ್ಳಲು ಇಂಥ ಸಾಲವೇ ಮೊದಲ ಮೆಟ್ಟಿಲು.

ಮನೆಯ ಒಡೆತನವೂ ಇದೇ ಲೆಕ್ಕಕ್ಕೆ ಸೇರಿದ್ದು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆ ಸಾಮಾನ್ಯವಾಗಿ ಕುಟುಂಬದ ಮಹಿಳೆಯ ಹೆಸರಿನಲ್ಲಿ ಅಥವಾ ದಂಪತಿಗಳ ಜಂಟಿ ಹೆಸರಿನಲ್ಲಿರಬೇಕು. ಜೀವಮಾನವೆಲ್ಲ ಬಾಡಿಗೆಯ ಒಂದು ಕೋಣೆಯಲ್ಲಿ ಬೀಡಿ ಕಟ್ಟಿದವಳ ಹೆಸರಿನಲ್ಲಿ ಆಸ್ತಿ ಪತ್ರವೊಂದು ಇರುವುದು ಸಣ್ಣ ಸಂಗತಿಯಲ್ಲ. ತಿಂಗಳ ಬಾಡಿಗೆ ಉಳಿಯುವುದಷ್ಟೇ ಅಲ್ಲ, ಮಾಲೀಕ ಹೊರಗಟ್ಟುವ ಭಯವೂ ತೊಲಗುತ್ತದೆ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳು ಗಮನಿಸಬೇಕಾದ ವಿಷಯ ಮತ್ತೊಂದಿದೆ. ಮನೆ ಬದಲಾದಾಗ ಕನ್ನಡ ಶಾಲೆ ದೂರವಾದರೆ ಮಗು ಶಾಲೆಯನ್ನೇ ಬಿಟ್ಟು ತಾಯಿಯ ಪಕ್ಕದಲ್ಲಿ ಎಲೆ ಕತ್ತರಿಸಲು ಕುಳಿತುಕೊಳ್ಳುವ ಅಪಾಯವಿದೆ. ಅಂಥ ಮನೆಯಲ್ಲಿ ಬಡತನ ಇನ್ನೊಂದು ತಲೆಮಾರಿಗೆ ದಾಟುತ್ತದೆ. ಅದನ್ನು ತಡೆಯಲೆಂದೇ ಕೇಂದ್ರ ಕಾರ್ಮಿಕ ಸಚಿವಾಲಯ ಬೀಡಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ನೀಡುತ್ತದೆ. ವರ್ಷಕ್ಕೆ ಒಂದರಿಂದ ನಾಲ್ಕನೆಯ ತರಗತಿಯವರೆಗೆ 1,000, ಐದರಿಂದ ಎಂಟರವರೆಗೆ 1,500, ಒಂಬತ್ತು ಮತ್ತು ಹತ್ತಕ್ಕೆ 2,000, ಹನ್ನೊಂದು ಮತ್ತು ಹನ್ನೆರಡಕ್ಕೆ 3,000, ಐ.ಟಿ.ಐ., ಪಾಲಿಟೆಕ್ನಿಕ್ ಮತ್ತು ಪದವಿಗೆ 6,000, ವೃತ್ತಿಪರ ಕೋರ್ಸುಗಳಿಗೆ 25,000 ರೂಪಾಯಿ ನಿಗದಿಯಾಗಿದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ತಾಯಿ ಅಥವಾ ತಂದೆಯ ಬೀಡಿ ಕಾರ್ಮಿಕ ಗುರುತಿನ ಚೀಟಿ ಮತ್ತು ಚಾಲ್ತಿಯಲ್ಲಿರುವ ಬ್ಯಾಂಕ್ ಖಾತೆ ಅವಶ್ಯ.

ವಿಳಾಸ ಬದಲಾದ ಕುಟುಂಬಗಳಲ್ಲಿ ತೊಡಕಾಗುವುದು ಸಾಮಾನ್ಯವಾಗಿ ಈ ಕಾಗದಗಳಲ್ಲೇ. ಗುರುತಿನ ಚೀಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಅಕ್ಷರ, ಶಾಲೆಯ ದಾಖಲೆಯಲ್ಲಿ ಮತ್ತೊಂದು ಎಂದಾದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿಯೇ ಪಾಲಕರು ಮುಖ್ಯಾಧ್ಯಾಪಕರೊಡನೆ ಕುಳಿತು ಈ ಮೂರನ್ನೂ ಒಟ್ಟಿಗೆ ಇಟ್ಟು ಹೋಲಿಸಿ ನೋಡಿದರೆ, ಅರ್ಜಿಯ ಕೊನೆಯ ದಿನದ ಒಳಗೆ ತಪ್ಪು ತಿದ್ದಿಸಿಕೊಳ್ಳಲು ಸಾಕಷ್ಟು ಕಾಲಾವಕಾಶ ಇರುತ್ತದೆ.